ಒಂದು ನಾಯಿಗೆ ಒಬ್ಬ ಪೋಷಕ

ಹೊನ್ನಾವರದ ಬೀದಿನಾಯಿಗಳಿಗೆಲ್ಲ ರೇಬೀಸ್ ಚುಚ್ಚುಮದ್ದು ಹಾಕಿಸಲು ಹೊರಟ ಸಂಸ್ಥೆಯೊಂದಕ್ಕೆ ಆ್ಯಪ್ ಮಾಡಿಕೊಟ್ಟವಳು ಸಂಪದಾ. ಸಂತೆಗುಳಿಯವಳು, ಮದುವೆಯಾದ ಮೇಲೆ ಹೊನ್ನಾವರದಲ್ಲಿ ಬಾಡಿಗೆ ಮನೆ, ಮನೆಯಿಂದಲೇ ಕೆಲಸ. ಡೇಟಾಬೇಸ್ ಕಟ್ಟುವುದರಲ್ಲಿ ಪಳಗಿದ ಕೈ. ಮಾಹಿತಿ ಬಂದು ಬೀಳುವ ಮೊದಲೇ ಯಾವುದು ಯಾವ ಖಾನೆಯಲ್ಲಿ ಕೂರಬೇಕು, ಯಾವುದಕ್ಕೆ ಯಾವುದರ ಜೊತೆ ನಂಟು ಎಂದು ಗೆರೆ ಹೊಡೆದಿಡಬೇಕು. ಅದಕ್ಕೆ ಅವಳ ಕಸುಬಿನವರು ಸ್ಕೀಮಾ ಅನ್ನುತ್ತಾರೆ. ನಾಯಿಗಳ ಸ್ಕೀಮಾವನ್ನು ಅವಳು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದ್ದಳು. ಒಂದು ನಾಯಿ, ಒಂದು ಹೆಸರು, ಒಂದು ಜಾಗ, ಒಬ್ಬ ಪೋಷಕ.

ಗಂಡ ಶಿಶಿರ ಕುಮಟಾದ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವವನು. ಊಟಕ್ಕೆ ಕೂತಾಗ ತಕರಾರು ತೆಗೆದ.

"ಎರಡು ಮನೆಯಲ್ಲಿ ಉಣ್ಣೋ ನಾಯಿ ಇದ್ರೆ ಎಂತ ಮಾಡ್ತೆ?"

"ಹಂಗೆಲ್ಲ ಇರ್ತಿಲ್ಲೆ. ನಾಯಿಗೆ ನಿಯತ್ತು ಇರ್ತು."

"ಇದೇ ನೋಡು! ಸ್ಕೀಮಾ ಹೇಳೋ ಶಬ್ದ ನಮ್ಮ ಶಾಸ್ತ್ರದಲ್ಲೂ ಇದ್ದು ಮಾರಾಯ್ತಿ. ನಾಯಿ ಅಂದ್ರೆ ಹಿಂಗೆ ಹೇಳಿ ತಲೆಯಲ್ಲಿ ಒಂದು ಅಚ್ಚು ಕೂತಿರ್ತು. ಕಣ್ಣು ಆ ಅಚ್ಚಿಗೆ ಹೊಂದಿದ್ದನ್ನಷ್ಟೇ ನೋಡ್ತು."

"ನಿನ್ನ ಅಚ್ಚು ಕಾಲೇಜಲ್ಲೇ ಇಟ್ಕ. ಸಾರು ಆರ್ತಾ ಇದ್ದು."

ಸಂಪದಾ ಅಷ್ಟು ಖಚಿತವಾಗಿ ಹೇಳಲು ಕಾರಣ ಶ್ಯಾಮ. ಕಪ್ಪು ನಾಯಿ, ಬಲಗಿವಿಯ ತುದಿ ಹರಿದದ್ದು, ಮುಂಗಾಲಿಗೆ ಬಿಳಿ ಸಾಕ್ಸ್ ಹಾಕಿದಂಥ ಗುರುತು. ದಿನಾ ಬೆಳಿಗ್ಗೆ ಅವಳ ಅಂಗಳಕ್ಕೆ ಬಂದು ಗಂಭೀರವಾಗಿ ಕೂತು ಮೊಸರನ್ನ ಉಂಡು ಹೋಗುತ್ತಿತ್ತು. "ಶ್ಯಾಮ ಮೀನನ್ನ ಮೂಸಿಯೂ ನೋಡ್ತಾ ಇಲ್ಲೆ" ಎಂದು ಅವಳು ಅಮ್ಮನಿಗೆ ಫೋನಿನಲ್ಲಿ ಹೇಳಿಕೊಂಡಿದ್ದಳು. ಈಚೆಗಂತೂ ಶ್ಯಾಮ ಮೈ ತುಂಬಿಕೊಂಡು ಗುಂಡಗಾಗಿದ್ದ. ಮೊಸರನ್ನ ಹತ್ತಿದೆ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಊರಿನ ಬಹುಪಾಲು ನಾಯಿಗಳಿಗೆ ಮದ್ದು ಮುಗಿದಾಗ ಸಂಪದಾ ಶ್ಯಾಮನಿಗೂ ಒಂದು ಚುಚ್ಚಿಬಿಡಲಿ ಎಂದು ಉದಯನನ್ನು ಮನೆಗೆ ಕರೆದಳು. ಉದಯ ಸಂಸ್ಥೆಯಲ್ಲಿ ನಾಯಿ ಹಿಡಿದು ಮದ್ದು ಹಾಕುವವನು. ಗೇಟು ತೆರೆದು ಬಲೆ ಹಿಡಿದುಕೊಂಡು ಒಳಗೆ ಬಂದ. ಶ್ಯಾಮ ಅವನನ್ನು ನೋಡಿದ್ದೇ ಮೊಸರನ್ನದ ತಟ್ಟೆಯನ್ನು ಮಗುಚಿ, ಬೇಲಿ ಹಾರಿ ಓಟ ಕಿತ್ತ.

"ಅರೇ! ನಿನ್ನ ಗುರುತು ಇದ್ದಂಗೆ ಓಡ್ತದಲ್ಲ?" ಎಂದಳು ಸಂಪದಾ.

ಉದಯ ತಲೆ ಕೆರೆದುಕೊಂಡ. "ಆ ಕಿವಿ ಎಲ್ಲೋ ಕಂಡಂಗೆ ಉಂಟು ಮೇಡಂ."

ಇಬ್ಬರೂ ಸ್ಕೂಟರ್ ಹತ್ತಿ ಹಿಂಬಾಲಿಸಿದರು. ಶ್ಯಾಮ ಬಸ್‌ಸ್ಟ್ಯಾಂಡಿನ ಆಟೋ ಸಾಲಿಗೆ ನುಗ್ಗಿ ಒಂದು ಆಟೋದ ಹಿಂದಿನ ಸೀಟಿನ ಮೇಲೆ ಸ್ವಂತ ಮನೆಯಂತೆ ಹತ್ತಿ ಕೂತ. ಆಟೋದ ಬೊಮ್ಮಯ್ಯ ಅಡ್ಡ ಬಂದು ನಿಂತ.

"ಹವಾಲ್ದಾರನಿಗೆ ಎಂತಕ್ಕೆ ಬಲೆ ಹಾಕ್ತ್ರಿ? ಆವತ್ತೇ ಚುಚ್ಚಿ ಆತಲ್ಲ!"

"ಹವಾಲ್ದಾರ ಯಾರು?" ಸಂಪದಾ ಕೇಳಿದಳು. "ಇದು ನಮ್ಮನೆ ಶ್ಯಾಮ."

"ನಿಮ್ಮನೆದಾ? ನಮ್ಮ ಸ್ಟ್ಯಾಂಡ್ ಕಾಯುದೇ ಇವನು. ಬನ್ನು, ಆಮ್ಲೆಟ್ ಬಿಟ್ಟು ಬೇರೆಂತದೂ ಮುಟ್ಟುದಿಲ್ಲ. ಹೊಟ್ಟೆ ಕಂಡ್ರಿಯಾ? ಆಮ್ಲೆಟ್ಟಿಂದೇ ಬಂದದ್ದು."

ಆಮ್ಲೆಟ್ ಎಂಬ ಮಾತು ಸಂಪದಾಳ ಕೆನ್ನೆಗೆ ಏಟು ಬಿದ್ದಂತಾಯಿತು. ಅವಳು ಸ್ಕೂಟರಿನಿಂದ ಇಳಿಯುವುದರೊಳಗೆ ಶ್ಯಾಮ ಆಟೋದ ಆಚೆ ಬದಿಯಿಂದ ಇಳಿದು ಮೀನು ಮಾರ್ಕೆಟ್ಟಿನ ದಾರಿ ಹಿಡಿದ. ಸ್ಕೂಟರ್ ಹಿಂದೆ ಹೋಯಿತು, ಆಟೋ ಅದರ ಹಿಂದೆ. ಬೊಮ್ಮಯ್ಯನಿಗೆ ಹವಾಲ್ದಾರನ ಜೀವಕ್ಕೆ ಅಪಾಯವಿದೆ ಎಂದೇ ಖಾತ್ರಿಯಾಗಿತ್ತು.

ಮೀನು ಮಾರುವ ಹೇಮಕ್ಕನ ಬುಟ್ಟಿಗಳ ಹಿಂದೆ ನಾಯಿ ಅಡಗಿತ್ತು. ಹೇಮಕ್ಕ ಎದ್ದು ನಿಂತು ಸೊಂಟಕ್ಕೆ ಕೈ ಕೊಟ್ಟಳು.

"ನನ್ನ ಬಂಗಡೆಯ ಮೈಗೆ ಕೈ ಹಚ್ಚಿದ್ರೆ ನೋಡಿ! ಒಂದ್ಸಲ ಚುಚ್ಚಿದ್ದಕ್ಕೇ ಎರಡು ದಿನ ಮಂಕಾಗಿ ಕೂತಿತ್ತು ಪಾಪ."

"ಬಂಗಡೆಯಾ?" ಸಂಪದಾಳ ದನಿ ಏರಿತು. "ಅವನು ಸಸ್ಯಾಹಾರಿ!"

ಮಾರ್ಕೆಟ್ಟಿಗೆ ಮಾರ್ಕೆಟ್ಟೇ ನಕ್ಕಿತು. ಹೇಮಕ್ಕ ನಗಲಿಲ್ಲ. ಒಂದು ಬಂಗಡೆ ಮೀನಿನ ತಲೆಯನ್ನು ಎತ್ತಿ ಹಾಕಿದಳು. ಶ್ಯಾಮ ಸಂಪದಾಳ ಮುಖ ನೋಡುತ್ತಲೇ, ಅಂಗಳದಲ್ಲಿ ಕೂರುತ್ತಿದ್ದ ಅದೇ ಗಾಂಭೀರ್ಯದಿಂದ ಕೂತು, ಕಟಕಟ ಅಗಿದು ನುಂಗಿದ.

ಉದಯ ಮೆಲ್ಲಗೆ ಫೋನು ಮುಂದೆ ಹಿಡಿದ. ಆ್ಯಪಿನಲ್ಲಿ ಬಂಗಡೆ ಒಂದು ನಾಯಿ, ಹವಾಲ್ದಾರ ಇನ್ನೊಂದು. ಪೋಷಕರು ಬೇರೆ, ಜಾಗ ಬೇರೆ, ಫೋಟೋದಲ್ಲಿ ಹರಿದ ಕಿವಿ ಮಾತ್ರ ಒಂದೇ. "ಎರಡು ಸಲ ಆಗೋಯ್ತು ಮೇಡಂ. ಮೂರನೇದು ಹಾಕುದಾ?"

ಸಂಪದಾ ಸ್ಕೂಟರ್ ತಿರುಗಿಸಿ ಮನೆಯ ದಾರಿ ಹಿಡಿದಳು. ರಾತ್ರಿ ಊಟಕ್ಕೆ ಕೂತಾಗ ಶಿಶಿರ ನಗು ತಡೆಯಲು ಪಟ್ಟ ಪಾಡು ನೋಡಲಾಗದೆ, "ನಕ್ಕುಬಿಡು ಒಂದ್ಸಲ" ಎಂದು ಅವಳೇ ಅಪ್ಪಣೆ ಕೊಟ್ಟಳು.

ಮಾರನೆಯ ದಿನದಿಂದ ಶ್ಯಾಮ ಅಂಗಳಕ್ಕೆ ಬರಲಿಲ್ಲ. ಮೊದಲೆರಡು ದಿನ ಸಂಪದಾ ಮುನಿಸಿಕೊಂಡೇ ಇದ್ದಳು. ವಾರವಾದಾಗ ತಡೆಯಲಾರದೆ ಮೀನು ಮಾರ್ಕೆಟ್ಟಿಗೆ ಹೋದಳು. ಅಲ್ಲಿ ಬೊಮ್ಮಯ್ಯ ಆಗಲೇ ಹೇಮಕ್ಕನ ಹತ್ತಿರ ಜಗಳಕ್ಕೆ ನಿಂತಿದ್ದ.

"ಕಟ್ಟಿ ಹಾಕಿಟ್ಟಿದ್ದು ನೀನೇ."

"ನಾನಾ? ಆ ಆ್ಯಪಿನ ಅಮ್ಮ ಒಯ್ದು ಮೊಸರು ಕುಡಿಸ್ತಾ ಇರ್ಬೇಕು!" ಎಂದ ಹೇಮಕ್ಕ, ಆ್ಯಪಿನ ಅಮ್ಮನೇ ಅತ್ತು ಕಣ್ಣು ಕೆಂಪಗೆ ಮಾಡಿಕೊಂಡು ಎದುರಿಗೆ ನಿಂತಿದ್ದನ್ನು ಕಂಡು ಬುಟ್ಟಿ ಮುಚ್ಚಿ ಎದ್ದಳು. ಯಾರ ಹತ್ತಿರವೂ ನಾಯಿ ಇರಲಿಲ್ಲ. ಮೂವರೂ ಹುಡುಕಲು ಹೊರಟರು.

ಮಾರ್ಕೆಟ್ಟಿನ ಹಿಂದೆ ಮಗುಚಿ ಹಾಕಿದ ಹಳೇ ದೋಣಿಯೊಂದರ ಅಡಿಯಿಂದ ಸಣ್ಣ ಕುಂಯ್‌ಗುಟ್ಟುವಿಕೆ ಕೇಳಿತು. ಬೊಮ್ಮಯ್ಯ ಬಗ್ಗಿ ನೋಡಿದವನು ಹಾಗೇ ಕೂತುಬಿಟ್ಟ.

"ಹವಾಲ್ದಾರ ಮರಿ ಹಾಕಿದ್ದಾನೆ."

ಹೇಮಕ್ಕ ಬಗ್ಗಿದಳು, ಸಂಪದಾಳೂ ಬಗ್ಗಿದಳು. ನಾಲ್ಕು ಮರಿಗಳು ಒಂದರ ಮೇಲೊಂದು ಬಿದ್ದು ಹಾಲು ಕುಡಿಯುತ್ತಿದ್ದವು. ತಾಯಿ ಬಾಲವನ್ನು ಒಮ್ಮೆ ನೆಲಕ್ಕೆ ಬಡಿಯಿತು.

"ದಿನಾ ನೋಡ್ತಿದ್ವಲ್ಲ," ಎಂದಳು ಹೇಮಕ್ಕ. "ನಮ್ಮ ಕಣ್ಣಿಗೆ ಎಂತ ಆಗಿತ್ತು?"

ಸಂಪದಾ ಫೋನು ತೆಗೆದು ದಾಖಲೆ ನೋಡಿದಳು. ಎರಡು ಕಡೆಯೂ 'ಗಂಡು' ಎಂದೇ ಇತ್ತು. ಬಲೆ ಹಿಡಿದ ಕೈಯಲ್ಲಿ ಉದಯನಿಗೆ ಒತ್ತುವ ಕಷ್ಟ ಬೇಡವೆಂದು ಆ ಖಾನೆಯನ್ನು ಎಲ್ಲ ನಾಯಿಗೂ ಮೊದಲೇ ತುಂಬಿಸಿಟ್ಟವಳು ಅವಳೇ. ಊರಿನ ಅಷ್ಟೂ ನಾಯಿಗಳಲ್ಲಿ ಹೆಣ್ಣು ಎಂಬುದೇ ಇಲ್ಲವೆಂದು ವರದಿ ಹೋದಾಗಲೂ ಸಂಸ್ಥೆಯಲ್ಲಿ ಯಾರೂ ಹುಬ್ಬು ಏರಿಸಿರಲಿಲ್ಲ. ನಾಚಿಕೆಯೂ ನಗುವೂ ಒಟ್ಟಿಗೇ ಉಕ್ಕಿ ಅವಳು ಮರಳಿನ ಮೇಲೆ ಕೂತಳು.

ಆಗ ಮಳೆ ಹನಿ ಬಿತ್ತು. ದೋಣಿಗೆ ತೂತುಗಳಿದ್ದವು. ಬಾಣಂತಿಯನ್ನು ಎಲ್ಲಿಗೆ ಒಯ್ಯುವುದು ಎಂದು ಚರ್ಚೆ ಎದ್ದಿತು. ಸಂಪದಾ ತನ್ನ ಜಗಲಿ ಎಂದಳು. ಅಲ್ಲಿ ಮೊಸರು ಹಾಕುತ್ತಾರೆ, ಹಸೀ ಬಾಣಂತಿಗೆ ಥಂಡಿ ಆಗುತ್ತದೆ ಎಂದು ಹೇಮಕ್ಕ ತಳ್ಳಿಹಾಕಿದಳು. ಬೊಮ್ಮಯ್ಯ ಆಟೋ ತರುತ್ತೇನೆ ಎಂದು ಓಡಿದ. ಇವರ ಮಾತು ಮುಗಿಯುವ ಲಕ್ಷಣ ಕಾಣದೆ ತಾಯಿನಾಯಿ ಎದ್ದು, ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು, ರಸ್ತೆ ದಾಟಿ, ನಾಗರಾಜನ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿತು.

ಹೊಲಿಗೆ ನಾಗರಾಜ ಮಷಿನ್ ನಿಲ್ಲಿಸಿ ಕನ್ನಡಕ ಮೇಲೇರಿಸಿದ.

"ಟೈಗರಾ! ಎಲ್ಲಿ ಹೋಗಿದ್ಯ ಮಾರಾಯ ಇಷ್ಟು ದಿನ? ಬಾಯಲ್ಲಿ ಎಂತದ ಅದು?"

ಬಟ್ಟೆ ಚೂರುಗಳ ರಾಶಿಯಲ್ಲಿ ಟೈಗರ್ ಮರಿಯನ್ನು ಇಳಿಸಿ ಮುಂದಿನದನ್ನು ತರಲು ಹೊರಟಿತು. ಸಂಪದಾ, ಹೇಮಕ್ಕ ಉಳಿದ ಮರಿಗಳನ್ನು ಸೆರಗು, ದುಪಟ್ಟಾಗಳಲ್ಲಿ ಸುತ್ತಿಕೊಂಡು ಹಿಂದೆ ನಡೆದರು. ಬ್ಲೌಸ್ ಪೀಸುಗಳ ಚೂರಿನ ಮೇಲೆ ನಾಲ್ಕೂ ಮಲಗಿದ ಮೇಲೆ ನಾಗರಾಜನಿಗೆ ವಿಷಯ ತಿಳಿಸುವಷ್ಟರಲ್ಲಿ, ಆಟೋ ತಂದ ಬೊಮ್ಮಯ್ಯನೂ ಸೇರಿ ಮೂವರಿಗೂ ಸಾಕುಸಾಕಾಯಿತು. ಅವನು ನಂಬಲಿಲ್ಲ, ಟೈಗರ್ ಎಲ್ಲಿಂದಲೋ ಮರಿಗಳನ್ನು ಎತ್ತಿ ತಂದು ಸಾಕುತ್ತಿದ್ದಾನೆ ಎಂದೇ ಸಂಜೆಯವರೆಗೂ ವಾದಿಸಿದ.

ಸಂಪದಾ ಸ್ಕೀಮಾವನ್ನು ಬಿಚ್ಚಿ ಮತ್ತೆ ಕಟ್ಟಿದಳು. ಒಂದು ನಾಯಿಗೆ ಎಷ್ಟು ಹೆಸರಾದರೂ ಇರಬಹುದು, ಎಷ್ಟು ಮನೆಯಾದರೂ. ಹರಿದ ಕಿವಿ, ಮುರಿದ ಬಾಲ ನೋಡಿ ಫೋಟೋಗಳನ್ನು ತಾಳೆ ಹಾಕುತ್ತ ಹೋದಂತೆ ಇಂಥವು ಇನ್ನೂ ಎಷ್ಟೋ ಸಿಕ್ಕವು. ಊರಿನ ನಾಯಿಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಹೊಸ ವರದಿ ಕಳಿಸಿದ ದಿನ ಸಂಸ್ಥೆಯ ಮುಖ್ಯಸ್ಥೆ ಗಾಬರಿಯಿಂದ ಫೋನು ಮಾಡಿದರು.

"ಸಂಪದಾ, ಅಷ್ಟೊಂದು ನಾಯಿ ಎಲ್ಲಿ ಹೋದ್ವು? ಯಾರಾದ್ರೂ ಎಂತಾದ್ರೂ ಮಾಡಿದ್ರಾ?"

"ಎಲ್ಲಾ ಇದ್ದಾವೆ ಮೇಡಂ. ಊಟಕ್ಕೆ ಹೋಗಿದ್ದಾವೆ," ಎಂದಳು ಸಂಪದಾ.