ಹನ್ನೆರಡನೆಯ ಕಂತಿಗೆ ಬರ್ತೇನೆ ಅಂದವಳು

ಮಾರ್ಚ್ ಕೊನೆಯ ವಾರ ನನಗೆ ಎರಡೂ ಕಡೆ ಕೆಲಸ ಹೆಚ್ಚು. ಬಾಂದ್ರಾದ ವಿಮಾ ಕಚೇರಿಯಲ್ಲಿ ವರ್ಷ ಮುಗಿಯುತ್ತದೆ, ಬೊರಿವಲಿಯ ನನ್ನ ಒಂದು ಕೋಣೆಯ ಮನೆಯಲ್ಲಿ ಚಳಿಗಾಲದ ಅನಿಮೆಗಳು ಮುಗಿಯುತ್ತವೆ. ಜಪಾನಿನವರು ಬರೆದ ಚಿತ್ರಗಳ ಈ ಧಾರಾವಾಹಿಗಳನ್ನು ವರ್ಷಕ್ಕೆ ನಾಲ್ಕು ಸಲ, ಋತುವಿಗೊಂದು ಕಂತೆ ಬಿಡುತ್ತಾರೆ. ಹನ್ನೆರಡು ವಾರ ಓಡಿ ಎಲ್ಲವೂ ಹೆಚ್ಚು ಕಡಿಮೆ ಒಂದೇ ವಾರದಲ್ಲಿ ಮುಗಿದುಹೋಗುತ್ತವೆ. ಒಂದೊಂದೂ ಮುಗಿದಂತೆ ನನ್ನ ಅಭಿಪ್ರಾಯವನ್ನು ಕನ್ನಡದಲ್ಲಿ ಬರೆದು ಬ್ಲಾಗಿಗೆ ಹಾಕುತ್ತೇನೆ. ನಿನ್ನನ್ನು ಯಾರು ಕೇಳಿದರು ಅಂತೀರಾ? ಯಾರೂ ಕೇಳಿಲ್ಲ. ನಲವತ್ತಮೂರು ವರ್ಷದ ವೈಶಾಲಿ ಮೇಡಂ ಕಾರ್ಟೂನ್ ನೋಡುತ್ತಾರೆ ಎಂದು ಆಫೀಸಿನವರು ನಗುತ್ತಾರೆ. ಅವರು ನೋಡುವ ಅತ್ತೆ ಸೊಸೆ ಜಗಳಕ್ಕಿಂತ ಇದು ಸಾವಿರ ಪಾಲು ವಾಸಿ.

ಬ್ಲಾಗಿಗೆ ಓದುಗರು ಮೂವರು. ಒಬ್ಬಳು ನಾನು, ಕಾಗುಣಿತ ನೋಡಲು. ಎರಡನೆಯವನು ಪುಣೆಯಲ್ಲಿರುವ ನನ್ನ ತಮ್ಮ ಸಚಿನ. ಅವನು ಓದದೆಯೇ ಮೆಚ್ಚುಗೆಯ ಹೆಬ್ಬೆರಳು ಒತ್ತುತ್ತಾನೆ. ಒಮ್ಮೆ ಕೈತಪ್ಪಿ ನಾನು ಖಾಲಿ ಪುಟ ಹಾಕಿದಾಗ ಅದಕ್ಕೂ ಒತ್ತಿದ್ದ. ಮೂರನೆಯವಳು ಯಕ್ಷಿತಾ.

ಯಕ್ಷಿತಾ ಪವಾಯಿಯವಳು, ಇಪ್ಪತ್ತೆರಡರ ಹುಡುಗಿ. ಅವರ ಮನೆಯವರು ಉಡುಪಿ ಕಡೆಯವರು, ಅಪ್ಪನದು ಹೋಟೆಲು. ಮನೆಯಲ್ಲಿ ತುಳು, ಹೊರಗೆ ಹಿಂದಿ. ಕನ್ನಡದ ಅಕ್ಷರ ಕಲಿಸಿದವರು ಅಜ್ಜಿ ಸೇವಂತಿ. ಎರಡು ವರ್ಷದ ಹಿಂದೆ ನನ್ನ ಬರಹದ ಕೆಳಗೆ ಮೊದಲ ಸಲ ಬರೆದಳು: 'ಅಕ್ಕ, ನಾನು ಸ್ಲೋ ಓದುವುದು. ನೀವು ತುಂಬಾ ಬೈತೀರಿ. ಆದರೆ ಚಂದ ಉಂಟು.' ಆ ದಿನ ನಾನು ಲೋಕಲ್ ರೈಲಿನಲ್ಲಿ ಅದನ್ನೇ ಓದುತ್ತ ಕೂತು ಬೊರಿವಲಿ ದಾಟಿ ದಹಿಸರಿನಲ್ಲಿ ಇಳಿದೆ. ಆಮೇಲೆ ನಾನು ಬರೆದದ್ದೆಲ್ಲ ಅವಳಿಗೇ ಬರೆದದ್ದು. ವಾಟ್ಸ್ಯಾಪ್ ನಂಬರೂ ಬಂತು. ಕಳೆದ ದೀಪಾವಳಿಗೆ ಒಂದು ಕೀಚೈನ್ ಕೊರಿಯರ್ ಮಾಡಿದಳು. ಆದರೆ ಮುಖ ನೋಡಿರಲಿಲ್ಲ, ದನಿ ಕೇಳಿರಲಿಲ್ಲ.

ಈ ಸಲ ನಾನು ಹಿಡಿದದ್ದು ನಾಲ್ಕು. ಮೊದಲನೆಯದು ಅರಮನೆಯ ಅಡುಗೆಯವನು ಸೇನಾಪತಿಯಾಗುವ ಕಥೆ. ಸೋಮವಾರ ಅದು ಮುಗಿದಾಗ ಬರೆದೆ: 'ಎಂಟು ಕಂತು ಸಾರು ಕುದಿಸಿದವರು ಯುದ್ಧವನ್ನು ಮೂರು ನಿಮಿಷದಲ್ಲಿ ಇಳಿಸಿಬಿಟ್ಟಿದ್ದಾರೆ. ಸಾರು ಬೆಂದಿದೆ, ಕಥೆ ಹಸಿ.' ಯಕ್ಷಿತಾ ಬರೆದಳು: 'ಆದರೆ ಅಕ್ಕ, ಸಾರು ನೋಡಿ ನನಗೆ ಹಸಿವು ಆಯ್ತು.' ಮಂಗಳವಾರ ಟೇಬಲ್ ಟೆನಿಸ್ ಹುಡುಗಿಯರದು. ಒಂದು ಚೆಂಡು ಎರಡು ಕಂತು ಗಾಳಿಯಲ್ಲೇ ಇತ್ತು. ಅಷ್ಟರಲ್ಲಿ ನಮ್ಮ ಸ್ಲೋ ಲೋಕಲ್ ಚರ್ಚ್‌ಗೇಟ್ ಮುಟ್ಟಿ ವಾಪಸ್ ಬಂದೀತು ಎಂದು ಬರೆದೆ. ಸೋತ ಹುಡುಗಿ ಬ್ಯಾಟಿನ ಹಿಡಿಕೆಗೆ ಹೊಸ ಪಟ್ಟಿ ಸುತ್ತುತ್ತ ಕೂತದ್ದು ನೋಡಿ ಅತ್ತೆನೆಂದೂ ಬರೆದೆ, ಸುಳ್ಳು ಯಾಕೆ. ಬುಧವಾರ ರೋಬೋಟಿನ ಪ್ರೇಮ. ಅದು ಕೊನೆಯ ನಿಮಿಷದಲ್ಲಿ 'ಎರಡನೆಯ ಭಾಗ ಬರಲಿದೆ' ಎಂದು ಹೇಳಿ ನಿಂತಿತು. ಹಾಗಾದರೆ ಹನ್ನೆರಡು ವಾರ ನನ್ನನ್ನು ಕೂಡಿಸಿಕೊಂಡದ್ದು ಯಾಕೆ? ಹತ್ತಕ್ಕೆ ಎರಡು ಕೊಟ್ಟೆ.

ಉಳಿದದ್ದು ದ್ವೀಪದ ಅಂಚೆ ಹುಡುಗಿಯದು. ವಾರಕ್ಕೊಂದು ಕಾಗದ, ಕಂತಿಗೊಂದು ಮನೆ. ಹನ್ನೊಂದನೆಯ ಕಂತಿನಲ್ಲಿ ಚೀಲದಲ್ಲಿ ಒಂದೇ ಕಾಗದ ಉಳಿದಿತ್ತು. ಅದರ ಮೇಲಿನ ಹೆಸರು ಮಳೆಯಲ್ಲಿ ನೆನೆದು ಅಳಿಸಿತ್ತು. ಇಷ್ಟು ಒಳ್ಳೆಯದನ್ನು ನಾನು ಐದಾರು ವರ್ಷದಲ್ಲಿ ನೋಡಿಲ್ಲ. ಕೊನೆಯ ಕಂತು ಭಾನುವಾರ ಸಂಜೆ ಆರೂವರೆಗೆ. ಅದನ್ನು ಒಬ್ಬಳೇ ನೋಡುವುದು ನನಗೆ ಬೇಡವಾಗಿತ್ತು. ಅವ್ವ ಹೋಗಿ ಮೂರು ವರ್ಷವಾಯಿತು. ಒಂಟಿಯಾಗಿ ಉಣ್ಣುವುದು ರೂಢಿಯಾಗಿದೆ, ಜ್ವರ ಬಂದರೆ ಒಂಟಿಯಾಗಿ ಮಲಗುವುದೂ ರೂಢಿಯಾಗಿದೆ. ಕಥೆ ಮುಗಿದ ಮೇಲೆ ಪಕ್ಕಕ್ಕೆ ತಿರುಗಿ ನೋಡಿದರೆ ಅಲ್ಲಿ ಯಾರೂ ಇಲ್ಲದಿರುವುದು ಮಾತ್ರ ನನಗೆ ಇವತ್ತಿಗೂ ರೂಢಿಯಾಗಿಲ್ಲ.

ಬುಧವಾರವೇ ಯಕ್ಷಿತಾಗೆ ಮೆಸೇಜ್ ಬರೆದೆ. ಮೂರು ಸಲ ಅಳಿಸಿ ನಾಲ್ಕನೆಯ ಸಲ ಕಳಿಸಿದೆ: 'ಭಾನುವಾರ ಸಂಜೀಕ ಮನಿಗೆ ಬಾ. ಕೊನೀ ಕಂತು ಕೂಡಿ ನೋಡೋಣು.'

ಇಪ್ಪತ್ತು ನಿಮಿಷಕ್ಕೆ ಉತ್ತರ ಬಂತು. 'ಸರಿ ಅಕ್ಕ. ಬರ್ತೇನೆ.' ಪಕ್ಕದಲ್ಲಿ ಎರಡು ಕೈ ಮುಗಿದ ಚಿತ್ರ.

ನಾಲ್ಕು ದಿನ ನಾನು ಮನುಷ್ಯಳಾಗಿದ್ದೆ. ಆಫೀಸಿನಲ್ಲಿ ಯಾರಿಗೂ ಬೈಯಲಿಲ್ಲ. ಶನಿವಾರ ಕಿಟಕಿಯ ಸರಳು ಒರೆಸಿದೆ, ಗೋಧಿ ಹುರಿದು ರವೆ ಒಡೆಸಿ ತಂದು ಬೆಲ್ಲ ಹಾಕಿ ಮಾದಲಿ ಮಾಡಿದೆ. ಭಾನುವಾರ ಬದನೆಕಾಯಿ ಎಣ್ಣೆಗಾಯಿ ಮಾಡಿದೆ. ಜೋಳದ ಹಿಟ್ಟು ಪರಾತದಲ್ಲಿ ತಯಾರಿಟ್ಟೆ. ರೊಟ್ಟಿ ಅವಳು ಬಂದ ಮೇಲೆ ಬಿಸಿಬಿಸಿ ಬಡಿಯುವುದು. ಮನೆಯಲ್ಲಿ ಒಂದೇ ಖುರ್ಚಿ ಇದೆಯೆಂದು ಅವತ್ತು ಗಮನಕ್ಕೆ ಬಂತು. ಎದುರು ಮನೆಯ ನೀಲಾಬಾಯಿಯ ಹತ್ತಿರ ಒಂದು ಕೇಳಿದೆ.

"ಪಾವ್ಣ್ಯಾರು ಬರೂರೇನ?" ಅಂದಳು ನೀಲಾಬಾಯಿ. ಮೂರು ವರ್ಷದಲ್ಲಿ ನನ್ನ ಮನೆಗೆ ಗ್ಯಾಸಿನವನ ಹೊರತು ಇನ್ನೊಬ್ಬರು ಬಂದದ್ದನ್ನು ಅವಳು ಕಂಡಿಲ್ಲ.

"ಹೂಂ. ನನ್ನ ಗೆಳತಿ," ಅಂದೆ. ಆ ಮಾತು ಬಾಯಲ್ಲಿ ಹೊಸದಾಗಿತ್ತು.

ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಬಹುದಿತ್ತು. ಕೊರಿಯರ್ ಮಾಡಿದವಳ ಹತ್ತಿರ ವಿಳಾಸ ಇದ್ದೇ ಇದೆ ಎಂದು ಸಮಾಧಾನ ಹೇಳಿಕೊಂಡೆ. ನಿಜ ಹೇಳುತ್ತೇನೆ, ಕೇಳಿದರೆ ಎಲ್ಲಿ ಆಗುವುದಿಲ್ಲ ಅಂದುಬಿಡುತ್ತಾಳೋ ಎಂದು ಹೆದರಿದೆ.

ಆರೂವರೆ ಆಯಿತು. ಕಂತು ಬಂದಿದೆಯೆಂದು ಲ್ಯಾಪ್‌ಟಾಪ್ ತೋರಿಸಿತು. ನಾನು ಒತ್ತಲಿಲ್ಲ. ಪವಾಯಿಯಿಂದ ಬೊರಿವಲಿ ಅಂದರೆ ಸುಮ್ಮನೆಯೇ? ಭಾನುವಾರ ಹಳಿ ರಿಪೇರಿಯ ಮೆಗಾ ಬ್ಲಾಕ್ ಬೇರೆ, ರೈಲುಗಳೆಲ್ಲ ತಡ. ಆರೂ ಮುಕ್ಕಾಲಿಗೆ ಲಿಫ್ಟಿನ ಸದ್ದಾಯಿತು, ಎದ್ದು ಸೆರಗು ಸರಿಮಾಡಿಕೊಂಡೆ, ಅದು ನಾಲ್ಕನೆಯ ಮಹಡಿಗೆ ಹೋಯಿತು. ಏಳಕ್ಕೆ ಬಾಲ್ಕನಿಗೆ ಹೋಗಿ ಗೇಟು ನೋಡಿದೆ. ಜೀನ್ಸ್ ತೊಟ್ಟ ಪ್ರತಿ ಹುಡುಗಿಯೂ ಅವಳೇ ಅನಿಸಿದಳು. ಮುಖ ಗೊತ್ತಿಲ್ಲದವಳನ್ನು ಕಾಯುವ ಕಷ್ಟ ಅದು.

ಏಳೂ ಹತ್ತಕ್ಕೆ ಫೋನು ಮಿಂಚಿತು. ಯಕ್ಷಿತಾ.

'ಅಕ್ಕ ನೋಡಿದ್ರಾ??? ಎಂಡ್ ಸೂಪರ್! ನಾನು ಎರಡು ಸಲ ಅತ್ತೆ. ನಿಮ್ಮ ಅಭಿಪ್ರಾಯ ಬೇಗ ಹಾಕಿ.'

ಮೈಯೆಲ್ಲ ಉರಿಯಿತು. ಹಿಂದೆ ಮುಂದೆ ನೋಡದೆ ಕಾಲ್ ಒತ್ತಿದೆ. ಎರಡು ವರ್ಷದಲ್ಲಿ ಮೊದಲ ಸಲ.

"ಎಲ್ಲಿದ್ದೀ?" ಅಂದೆ.

"ಅಕ್ಕಾ! ನೀವಾ? ಮನೇಲಿ. ಯಾಕೆ?"

"ಬರ್ತೇನೆ ಅಂದಿದ್ಯಲ್ಲ. ಆರೂವರೀಯಿಂದ ಕುಂತೀನಿ ಕಾಯ್ಕೋತ."

ಅವಳು ಒಂದೊಂದೇ ಪದ ಹುಡುಕಿ ಜೋಡಿಸಿದಳು. "ಅಯ್ಯೋ ಅಕ್ಕ... ನೀವು ಸಚ್ಚೀ ಕರೆದದ್ದಾ? ನಮ್ಮ ಅಜ್ಜಿ ಫೋನ್ ಇಡುವಾಗ ಎಲ್ಲರಿಗೂ ಹಾಗೇ ಹೇಳ್ತಾರೆ. 'ಭಾನುವಾರ ಮನೆಗೆ ಬನ್ನಿ' ಅಂತ. ಆ ಕಡೆಯವರು 'ಬರ್ತೇನೆ' ಹೇಳ್ತಾರೆ. ಮತ್ತೆ ಯಾರೂ ಬರೂದಿಲ್ಲ. ಕನ್ನಡದಲ್ಲಿ ಬೈ ಹೇಳೂದು ಹಾಗೇ ಅಂತ ನಾನು... ಸಾರಿ ಅಕ್ಕ. ರಿಯಲೀ ಸಾರಿ."

ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ಹೋದರೆ ಒಂದೂ ಸಿಗಲಿಲ್ಲ. ನಮ್ಮ ವಿಜಾಪುರದ ಕಡೆಯೂ ಅಷ್ಟೇ. ಹೊಸ್ತಿಲು ದಾಟುವಾಗ ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು. ಜಪಾನಿನವರೂ ಮನೆಯಿಂದ ಹೊರಡುವಾಗ ಹೋಗಿ ಬರ್ತೀನಿ ಅನ್ನುತ್ತಾರೆ. ಅದನ್ನು ಬರೀ 'ಹೊರಟೆ' ಎಂದು ಮಾಡಿದ ಸಬ್‌ಟೈಟಲ್‌ನವರಿಗೆ ಒಂದಿಡೀ ಪುಟ ಬೈದು ಬರೆದವಳು ನಾನೇ. ಬೇರೆ ಯಾರಿಗೋ ಬಂದ ಮಾತಾಗಿದ್ದರೆ ಥಟ್ಟನೆ ಹೇಳುತ್ತಿದ್ದೆ, ಇದು ಬರುವ ಬರ್ತೇನೆ ಅಲ್ಲ, ಹೋಗುವ ಬರ್ತೇನೆ ಎಂದು. ನನಗೇ ಬಂದಿತ್ತು ಎಂಬ ಒಂದೇ ಕಾರಣಕ್ಕೆ ಕಾಣಲಿಲ್ಲ.

"ಈಗ ಹೊರಡ್ಲಾ ಅಕ್ಕ? ಕ್ಯಾಬ್ ಸಿಕ್ಕಿದರೆ ಒಂದು ಗಂಟೆಯಲ್ಲಿ..." ಅಂದಳು. ಅವಳ ಹಿಂದೆ ನಾಲ್ಕೈದು ಹುಡುಗ ಹುಡುಗಿಯರ ನಗು ಕೇಳುತ್ತಿತ್ತು. ಯಾರೋ "ಯಕ್ಷೀ, ಪಿಜ್ಜಾ ಆ ಗಯಾ" ಎಂದು ಕೂಗಿದರು. ಎರಡು ಸಲ ಅತ್ತವಳ ಪಕ್ಕದಲ್ಲಿ ಮನೆ ತುಂಬ ಜನ ಇದ್ದರು.

"ಏ ಬ್ಯಾಡ ಬ್ಯಾಡ," ಅಂದೆ. "ನಾನೂ ಸುಮ್ಮನ ಅಂದಿದ್ದೆ."

"ಹೌದಾ? ಅಬ್ಬಾ. ನನಗೆ ಎಷ್ಟು ಟೆನ್ಷನ್ ಆಯ್ತು ಗೊತ್ತುಂಟಾ!" ಅವಳು ಹಗುರವಾಗಿ ನಕ್ಕಳು. ಅವಳ ನಗು ಚೆನ್ನಾಗಿತ್ತು, ನಾನು ಊಹಿಸಿದ್ದಕ್ಕಿಂತ ಚಿಕ್ಕ ಹುಡುಗಿಯ ನಗು. ಇನ್ನೇನು ಫೋನ್ ಇಡುತ್ತಾಳೆ ಎಂದು ಉಸಿರಿನಲ್ಲೇ ತಿಳಿಯಿತು.

"ಕೊನಿಗೆ ಏನಾತು, ಹೇಳು," ಅಂದೆ.

"ನೀವು ನೋಡ್ಲಿಲ್ವಾ? ಸ್ಪಾಯ್ಲರ್ ಆಗ್ತದೆ ಅಕ್ಕ!"

"ಆಗ್ಲಿ. ನೀ ಹೇಳು. ಸಾವಕಾಶ ಹೇಳು."

ಅವಳು ಹೇಳತೊಡಗಿದಳು. ಕನ್ನಡ ಸಾಲದಾಗ ಹಿಂದಿ, ಹಿಂದಿ ಸಾಲದಾಗ ಇಂಗ್ಲಿಷು. ಅಂಚೆ ಹುಡುಗಿ ಹೆಸರಿಲ್ಲದ ಆ ಕಾಗದ ಹಿಡಿದು ದ್ವೀಪದ ಮನೆಮನೆಯ ಬಾಗಿಲು ಬಡಿದದ್ದು, ಎಲ್ಲರೂ ನಮ್ಮದಲ್ಲ ಅಂದದ್ದು, ಕಡೆಗೆ ಒಬ್ಬ ಮುದುಕಿ ತನ್ನದಲ್ಲವೆಂದು ಗೊತ್ತಿದ್ದೂ ನನ್ನದೇ ಎಂದು ಕೈಚಾಚಿದ್ದು, ಹುಡುಗಿ ದೋಣಿ ಹತ್ತಿದ್ದು. ನಾನು ಕತ್ತಲಾದ ಲ್ಯಾಪ್‌ಟಾಪಿನ ಮುಂದೆ ಕೂತು ಹೂಂ ಅನ್ನುತ್ತಿದ್ದೆ. ಆರು ನಿಮಿಷಕ್ಕೆ ಕಥೆ ಮುಗಿಯಿತು.

"ಅಷ್ಟೇ ಅಕ್ಕ. ಮುಗೀತು," ಅಂದಳು. ಅವಳನ್ನು ಮತ್ತೆ ಯಾರೋ ಕರೆದರು.

"ದೋಣ್ಯಾಗ ಮತ್ತ್ಯಾರರ ಇದ್ದರೇನು?" ಅಂದೆ. "ಅಕಿ ಮೈಮ್ಯಾಲೆ ಯಾವ ಬಣ್ಣದ ಅಂಗಿ ಇತ್ತು?"