ಪಾಠ ನಡೆಯುತ್ತಿದೆ, ಮುಟ್ಟಬೇಡಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಬೀದಿಯವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಮೂವತ್ತೊಂದು ವರ್ಷ ಶಾಲೆಯ ಮೈದಾನದಲ್ಲಿ ಸೀಟಿ ಊದಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವಳು ನಾನು. ನಿವೃತ್ತಿಯಾದರೂ ಬೀದಿಗೆ ಇನ್ನೂ ಪೀಟಿ ಮೇಡಮ್ಮೇ. ಆದರೆ ಈ ಸಲದ ಸಿಟ್ಟಿಗೆ ಕಾರಣವಿತ್ತು. ಒಂದು ನಾಯಿಯನ್ನು ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿ. ಊರಲ್ಲಿ ಒಬ್ಬರಿಗೂ ಕೈ ಸುಮ್ಮನಿರುವುದಿಲ್ಲ ಎಂದು ನಿಮಗೂ ಗೊತ್ತಾಗುತ್ತದೆ.

ನಾಯಿ ನನ್ನದಲ್ಲ, ತಂಗಿಯದು. ಹೆಸರು ರಾಯ. ಕಂದು ಬಣ್ಣ, ಜೋತುಬಿದ್ದ ಕಿವಿ. ಯಾರನ್ನು ಕಂಡರೂ ಬಾಲದ ಜೊತೆಗೆ ಅರ್ಧ ಮೈಯನ್ನೂ ಅಲ್ಲಾಡಿಸುವ ಪ್ರಾಣಿ. ತಂಗಿ ಅವನನ್ನು ತಲೆಯ ಮೇಲೆ ಕೂರಿಸಿಕೊಂಡು ಸಾಕಿದ್ದಳು. ಅವಳಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿ ಆಸ್ಪತ್ರೆ ಸೇರಿದಾಗ ರಾಯ ನನ್ನ ಪಾಲಿಗೆ ಬಂದ. ಅಮ್ಮ ಹೋದ ಮೇಲೆ ತಂಗಿಯನ್ನು ಬೆಳೆಸಿದವಳೂ ನಾನೇ, ಈಗ ಅವಳ ನಾಯಿಯೂ ನನಗೇ.

"ಮೊದಲ ಆರು ತಿಂಗಳು ಬಹಳ ಮುಖ್ಯ, ಕೈ ಎತ್ತೋಕೆ ಪ್ರಯತ್ನ ಮಾಡಮ್ಮ" ಎಂದು ವ್ಯಾಯಾಮ ಮಾಡಿಸುವವರು ಗೋಗರೆಯುತ್ತಿದ್ದರು. ಅವಳು ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತಿದ್ದಳು. ನನ್ನನ್ನು ಕಂಡರೆ ಕೇಳುತ್ತಿದ್ದದ್ದು ಒಂದೇ ಮಾತು. "ರಾಯ ಊಟ ಮಾಡಿದ್ನಾ?"

ಅಕ್ಕ ಊಟ ಮಾಡಿದಳಾ ಎಂದು ಒಂದು ದಿನವೂ ಕೇಳಲಿಲ್ಲ. ಅದೂ ನನಗೆ ಸಿಟ್ಟೇ.

ಎರಡನೆಯ ತಿಂಗಳಲ್ಲಿ ಹೆಡ್ ನರ್ಸ್ ನನ್ನನ್ನು ಪಕ್ಕಕ್ಕೆ ಕರೆದಳು. "ನಾಯೀನ ವಾರ್ಡಿಗೆ ಬಿಡ್ತೀವಿ ಮೇಡಂ. ಆದ್ರೆ ಅದು ಪರೀಕ್ಷೆ ಪಾಸಾಗಿ ಕಾರ್ಡ್ ತಗೊಂಡಿರ್ಬೇಕು. ಅವನನ್ನ ನೋಡಿದ್ರೆ ಇವರು ಕೈ ಎತ್ತಬಹುದು ಅಂತ ನನಗೆ ಆಸೆ."

ಕೊಟ್ಟ ಹಾಳೆಯಲ್ಲಿ ಐದು ಪಾಠಗಳಿದ್ದವು. ಗದ್ದಲದಲ್ಲಿ ಪಕ್ಕದಲ್ಲೇ ನಡೆಯಬೇಕು, ಹೇಳಿದಲ್ಲಿ ಕೂರಬೇಕು, ಬಿದ್ದ ತಿಂಡಿ ಮುಟ್ಟಬಾರದು, ಸದ್ದಿಗೆ ಬೆಚ್ಚಬಾರದು. ಐದನೆಯದು, ಅಪರಿಚಿತರ ಜೊತೆ ಸ್ನೇಹದಿಂದಿರಬೇಕು. ಅದನ್ನು ಓದಿ ನನಗೆ ನಗು ಬಂತು. ಈ ಪುಣ್ಯಾತ್ಮನಿಗೆ ಸ್ನೇಹ ಬೇರೆ ಕಲಿಸಬೇಕೆ? ಅಲ್ಲೇ ಪೆನ್ನು ತೆಗೆದು ಐದನೆಯದಕ್ಕೆ ಟಿಕ್ ಹಾಕಿ, ಉಳಿದ ನಾಲ್ಕಕ್ಕೆ ಟೊಂಕ ಕಟ್ಟಿ ನಿಂತೆ.

ಬೆಳಗ್ಗೆ ಮಾರುಕಟ್ಟೆ, ಸಂಜೆ ಬಸ್ ನಿಲ್ದಾಣ, ನಡುವೆ ಅಂಚೆ ಕಚೇರಿಯ ಮೆಟ್ಟಿಲು. ಮೊದಲ ದಿನವೇ ಬೇಕರಿಯವನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು ಬನ್ನಿನ ತುಂಡು ಎಸೆದ.

"ಕೈಗೆ ಬೇರೆ ಕೆಲಸ ಇಲ್ವೇನೋ ನಿಂಗೆ?" ಎಂದು ಕೂಗಿದೆ.

"ಒಂದು ಚೂರು ಮೇಡಂ. ಅಷ್ಟಕ್ಕೇ ಫೇಲಾಗ್ತಾನಾ? ನಾಯಿ ಬಾಲಕ್ಕೆ ದಬ್ಬೆ ಕಟ್ಟೋಕೆ ಹೊರಟಿದೀರಲ್ಲ ನೀವು!"

ಅಂಗಡಿ ಮುಂದಿದ್ದವರೆಲ್ಲ ನಕ್ಕರು. ನನಗೆ ಪಿತ್ತ ನೆತ್ತಿಗೇರಿತು. ಮನೆಗೆ ಹೋಗಿ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 'ಪಾಠ ನಡೆಯುತ್ತಿದೆ, ಮುಟ್ಟಬೇಡಿ' ಎಂದು ಬರೆದು ರಾಯನ ಕೊರಳಿಗೆ ಕಟ್ಟಿದೆ.

ಓದು ಬಂದವರಿಗೂ ಅದು ಕಾಣಲಿಲ್ಲ. ಅಂಚೆ ಕಚೇರಿಯ ಸಾಲಿನಲ್ಲಿ ಒಬ್ಬಾಕೆ ಬೋರ್ಡನ್ನೇ ಸರಿಸಿ ಅವನ ಕತ್ತು ಕೆರೆದಳು. ಬಸ್ ನಿಲ್ದಾಣದಲ್ಲಿ ಒಬ್ಬ ದೊಡ್ಡ ಮನುಷ್ಯ ಬಗ್ಗಿ ಕೈಚಾಚಿದ. "ನಮ್ಮನೇಲೂ ನಾಯಿ ಇದೆ ಮೇಡಂ, ನಂಗೇನೂ ಮಾಡಲ್ಲ."

"ಅವನು ನಿಮಗೆ ಏನು ಮಾಡ್ತಾನೆ ಅಂತ ಯಾರಿಗೆ ಚಿಂತೆ ಸ್ವಾಮಿ? ನೀವು ಅವನಿಗೆ ಏನು ಮಾಡ್ತೀರಿ ಅಂತ ನಂಗೆ ಚಿಂತೆ. ತೆಗೀರಿ ಕೈ!"

ಜನರಿಗೆ ಹೇಳಿ ಹೇಳಿ ಬಾಯಿ ನೋಯಿತು. ಕೊನೆಗೆ ನಾಯಿಗೇ ಹೇಳಿದೆ. ಯಾರದಾದರೂ ಕೈ ಹತ್ತಿರ ಬಂದರೆ ಹಗ್ಗವನ್ನು ಒಮ್ಮೆ ಜಗ್ಗಿ "ಊಹೂಂ!" ಎನ್ನುತ್ತಿದ್ದೆ. ಅವನು ನನ್ನ ಮುಖ ನೋಡಬೇಕು. ನೋಡಿದರೆ ಶಭಾಷ್. ಎರಡು ತಿಂಗಳಾಗುವಷ್ಟರಲ್ಲಿ ಜಗ್ಗುವುದೇ ಬೇಡವಾಯಿತು. ಕೈ ಕಂಡರೆ ತಾನೇ ಮುಖ ತಿರುಗಿಸಿ ನನ್ನನ್ನು ನೋಡುತ್ತಿದ್ದ.

ಬೇಕರಿಯ ಮುಂದೆ ಬೇಕೆಂದೇ ನಿಂತೆ. "ನೋಡಪ್ಪ, ನಾಯಿ ಬಾಲ ನೆಟ್ಟಗಾಯ್ತು."

ಬೇಕರಿಯವನು ಈ ಸಲ ನಗಲಿಲ್ಲ. "ಹೌದು ಮೇಡಂ. ಅಲ್ಲಾಡ್ತಾನೂ ಇಲ್ಲ" ಎಂದ.

ಹೊಟ್ಟೆಕಿಚ್ಚು ಎಂದುಕೊಂಡು ಮುಂದೆ ನಡೆದೆ.

ಪರೀಕ್ಷೆ ನಮ್ಮ ಮಾರುಕಟ್ಟೆಯಲ್ಲೇ ನಡೆಯಿತು. ತಂಗಿ ಹಾಸಿಗೆ ಹಿಡಿದು ಆಗ ಐದು ತಿಂಗಳು. ನನ್ನ ಬಾಯಿಗೆ ಹೆದರಿಯೋ ನನ್ನ ತಂಗಿಯ ಮೇಲಿನ ಪ್ರೀತಿಗೋ, ಬೀದಿಯವರೆಲ್ಲ ಅಂದು ನಮಗೆ ಬೆನ್ನು ತಿರುಗಿಸಿ ನಿಂತಿದ್ದರು. ತರಕಾರಿಯವಳು ಗೋಡೆ ನೋಡುತ್ತ ತೂಕ ಹಾಕುತ್ತಿದ್ದಳು. ರಾಯ ನನ್ನ ಮಂಡಿಗೆ ಅಂಟಿಕೊಂಡು ನಡೆದ. ಕೂರು ಎಂದಲ್ಲಿ ಕೂತ. ಬಿಸ್ಕತ್ತನ್ನು ದಾಟಿಕೊಂಡು ಹೋದ. ಪರೀಕ್ಷಕಿ ಹಿಂದಿನಿಂದ ಪಾತ್ರೆಯ ಮುಚ್ಚಳ ಬೀಳಿಸಿದರೂ ಕಿವಿ ಮಾತ್ರ ಆಡಿಸಿದ. ನನಗೆ ಎದೆ ಉಬ್ಬಿತು.

ಆಮೇಲೆ ಆಕೆ ಮಂಡಿಯೂರಿ ಕೂತು ಕೈಚಾಚಿದಳು. "ಬಾರೋ ರಾಜಾ."

ರಾಯ ಆ ಕೈ ಬಿಟ್ಟು ನನ್ನ ಕಡೆ ಮುಖ ತಿರುಗಿಸಿದ. ಮೂರು ಸಲ ಕರೆದಳು. ಮೂರು ಸಲವೂ ಅಷ್ಟೇ.

"ಇವನಷ್ಟು ಶಿಸ್ತಿನ ನಾಯಿ ನೀವು ನೋಡಿದೀರಾ?" ಎಂದು ಅವಳ ಮೇಲೆ ಎಗರಿದೆ.

"ಇಲ್ಲ ಮೇಡಂ, ನೋಡಿಲ್ಲ. ಆದ್ರೆ ರೋಗಿಗಳಿಗೆ ಬೇಕಾಗಿರೋದು ಸೆಲ್ಯೂಟ್ ಹೊಡೆಯೋ ನಾಯಿ ಅಲ್ಲ. ಮುಟ್ಟಿಸ್ಕೊಳ್ಳೋ ನಾಯಿ. ಮುಂದಿನ ಪರೀಕ್ಷೆ ಮೂರು ತಿಂಗಳಿಗೆ."

ಮೂರು ತಿಂಗಳು! ಇವಳಿಗೇನು ಗೊತ್ತು, ಆ ಆರು ತಿಂಗಳಲ್ಲಿ ನನಗೆ ಉಳಿದಿರುವುದು ಒಂದೇ ತಿಂಗಳು ಎಂದು? ದಾರಿಯುದ್ದಕ್ಕೂ ಅವಳನ್ನು ಬೈದುಕೊಂಡು ಬಂದೆ. ರಾಯ ಪಕ್ಕದಲ್ಲೇ, ಒಂದು ಗೇಣೂ ಆಚೀಚೆಯಾಗದೆ ನಡೆದ.

ಕರುಣೆ ತೋರಿಸಿದವಳು ಹೆಡ್ ನರ್ಸ್. "ಈ ವಾರದಿಂದ ಅವರು ಗಾಲಿಕುರ್ಚೀಲಿ ಕೂರ್ತಿದಾರೆ. ಹೊರಗಿನ ತೋಟಕ್ಕೆ ಕಾರ್ಡೂ ಬೇಡ, ಗೀರ್ಡೂ ಬೇಡ. ನಾಳೆ ಹತ್ತು ಗಂಟೆಗೆ ಕರ್ಕೊಂಡ್ ಬನ್ನಿ."

ಹೋದೆವು. ನರ್ಸ್ ಕುರ್ಚಿಯನ್ನು ಕಲ್ಲುಬೆಂಚಿನ ಪಕ್ಕ ತಂದು ನಿಲ್ಲಿಸಿದಳು. "ರಾಯಾ" ಎಂದಳು ತಂಗಿ. ಐದು ತಿಂಗಳಲ್ಲಿ ಅವಳ ಧ್ವನಿ ಅಷ್ಟು ಗಟ್ಟಿಯಾಗಿ ಕೇಳಿರಲಿಲ್ಲ. ರಾಯನ ಮೈ ಒಮ್ಮೆ ನಡುಗಿತು.

ಆಗ ಅವಳ ಬಲಗೈ ಅಲುಗಿತು. ಮೊದಲು ಎರಡು ಬೆರಳು, ಆಮೇಲೆ ಮಣಿಕಟ್ಟು. ಇಡೀ ಕೈ ಗಡಗಡ ನಡುಗುತ್ತ ಮಡಿಲಿನಿಂದ ಮೇಲೆದ್ದು ಅವನ ತಲೆಯ ಕಡೆ ಬಂತು.

ರಾಯ ನನ್ನನ್ನು ನೋಡಿದ. ಅವಳ ಕೈಯಿಂದ ಮುಖ ತಿರುಗಿಸಿದ.

ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಮಡಿಲಿಗೆ ಬಿತ್ತು.

"ಹೋಗೋ! ಹೋಗೋ ಅವಳ ಹತ್ರ!" ಎಂದು ಕಿರುಚಿದೆ. ನನ್ನ ಕೂಗು ಕೇಳಿ ಅವನು ಇನ್ನೂ ನೆಟ್ಟಗೆ ಕೂತ. ಹಗ್ಗವನ್ನು ನೆಲಕ್ಕೆ ಬಿಸಾಕಿದೆ. ಹಗ್ಗ ನೆಲಕ್ಕೆ ಬಿದ್ದರೆ ಅಲುಗಬಾರದು ಎಂದು ಕಲಿಸಿದ್ದವಳೂ ನಾನೇ. ಕೂರು, ನಿಲ್ಲು, ಬಿಡು, ಬೇಡ, ಎಲ್ಲ ಕಲಿಸಿದ್ದೆ. ಹೋಗು, ಮುಟ್ಟಿಸಿಕೋ ಎಂಬುದಕ್ಕೆ ನನ್ನ ಬಳಿ ಒಂದು ಮಾತೂ ಇರಲಿಲ್ಲ.

"ಬೈಬೇಡ ಅಕ್ಕ" ಎಂದಳು ತಂಗಿ. "ಪಾಪ, ನೀನು ಹೇಳಿದ್ದೇ ಕೇಳ್ತಿದಾನೆ. ನಾನೂ ಚಿಕ್ಕೋಳಿದ್ದಾಗ ಹೀಗೇ ಕೂತಿರ್ತಿದ್ದೆ, ನಿನ್ನ ಮುಖ ನೋಡ್ಕೊಂಡು."

ಅವಳು ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. "ಒಳಗೆ ಕರ್ಕೊಂಡ್ ಹೋಗಿ ಸಿಸ್ಟರ್" ಎಂದು ಮುಖವನ್ನು ಕಾಂಪೌಂಡಿನ ಕಡೆ ತಿರುಗಿಸಿಕೊಂಡಳು.

ಆಸ್ಪತ್ರೆಯಿಂದ ಬೇಕರಿಯವರೆಗೆ ಯಾರನ್ನು ಬೈಯಬೇಕೆಂದು ತಿಳಿಯದೆ ಹಲ್ಲು ಕಡಿಯುತ್ತ ನಡೆದೆ. ಪರೀಕ್ಷಕಿಯನ್ನೇ? ಕೈಚಾಚಿದ ಊರಿನವರನ್ನೇ? ಮಾಡಿದ್ದುಣ್ಣೋ ಮಾರಾಯ ಎಂದು ಎಷ್ಟು ಮಕ್ಕಳಿಗೆ ಹೇಳಿದ್ದೆ ನಾನು! ಅಂಗಡಿಯ ಮುಂದೆ ನಿಂತು ರಾಯನ ಕೊರಳಿನ ರಟ್ಟನ್ನು ಕಿತ್ತು ಹರಿದೆ.

"ಒಂದು ಬನ್ ತಗೋ. ನಿನ್ನ ಕೈಯಾರೆ ಇವನಿಗೆ ತಿನ್ನಿಸು."

ಬೇಕರಿಯವನು ಬನ್ ಹಿಡಿದು ಹೊರಗೆ ಬಂದು ಕುಕ್ಕರಗಾಲಲ್ಲಿ ಕೂತ. ರಾಯ ನನ್ನನ್ನು ನೋಡಿದ.

"ತಿನ್ನೋ ದರಿದ್ರದವನೇ! ತಿನ್ನು ಅಂದ್ರೆ ತಿನ್ನು!"

ಅವನು ಎದೆ ಸೆಟೆದು ಕೂತ. ಬೀದಿಯೆಲ್ಲ ನೋಡುತ್ತಿತ್ತು. ಬೇಕರಿಯವನು ಮೆಲ್ಲಗೆ ಹೇಳಿದ, "ಮೇಡಂ, ಹಗ್ಗ ನನ್ನ ಕೈಗೆ ಕೊಡಿ. ನೀವು ಸ್ವಲ್ಪ ಆ ಕಡೆ ತಿರುಗಿ ನಿಂತ್ಕೊಳ್ಳಿ. ಮಾತಾಡ್ಬೇಡಿ."

ನನಗೆ! ಇಡೀ ಬೀದಿಯನ್ನು ಬೆನ್ನು ತಿರುಗಿಸಿ ನಿಲ್ಲಿಸಿದವಳಿಗೆ! ಮೈಯೆಲ್ಲ ಉರಿದುಹೋಯಿತು. ಹಗ್ಗ ಕೊಟ್ಟು ಎದುರು ಅಂಗಡಿಯ ಮುಚ್ಚಿದ ಬಾಗಿಲಿಗೆ ಮುಖ ಮಾಡಿ ನಿಂತೆ. ಅಲ್ಲಿ ಬಣ್ಣ ಎದ್ದ ತಗಡಿನ ಮೇಲೆ ಹತ್ತೊಂಬತ್ತು ಮೊಳೆಗಳಿದ್ದವು. ಎರಡು ಸಲ ಎಣಿಸಿದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಬಹಳ ಹೊತ್ತಿನ ಮೇಲೆ ಹಿಂದೆ ಬನ್ನು ಅಗಿಯುವ ಸದ್ದು ಕೇಳಿತು. ಆಮೇಲೆ ಬೇಕರಿಯ ಹಲಗೆಗೆ ಬಾಲ ಬಡಿಯುವ ಸದ್ದು.

ನಾನು ತಿರುಗಲಿಲ್ಲ. ಬಾಗಿಲಿಗೇ ಹೇಳಿದೆ, "ನಾಳೆ ಹತ್ತು ಗಂಟೆಗೆ ಅಂಗಡಿ ಮುಚ್ಚು. ಇವನನ್ನ ಆಸ್ಪತ್ರೆ ತೋಟಕ್ಕೆ ನೀನೇ ಕರ್ಕೊಂಡ್ ಹೋಗು."

"ನೀವು, ಮೇಡಂ?"

"ನಾನು ಗೇಟಿನ ಹೊರಗೆ ನಿಂತಿರ್ತೀನಿ."