ಪೋಸ್ಟಮ್ಮನ ಬಲಗಾಲಿನ ಗೆರೆ

"ಎಂಟನೇ ಕ್ಲಾಸು ದಾಟದವನು ನನಗೆ ಕಂಪ್ಯೂಟರ್ ಹೇಳಿಕೊಡ್ತಾನಂತೆ! ಹೋಗೋ, ಮೆಷಿನ್ನಿಗೆ ಎಣ್ಣೆ ಬಿಡು ಹೋಗು. ನಿನ್ನ ತಲೆಗೆ ಎಟುಕೋದು ಅಷ್ಟೇ."

ಶೂ ಮೇಸ್ತ್ರಿ ಹೀಗೆಂದದ್ದು ಹೆಂಡತಿಯ ತಮ್ಮನಿಗೆ. ಅಂಗಡಿಯ ಬೆಂಚಿನ ಮೇಲೆ ಮೂವರು ಗಿರಾಕಿಗಳಿದ್ದರು. ಇಬ್ಬರು ಕಿಸಕ್ಕನೆ ನಕ್ಕರು. ಮೂರನೆಯವಳು ಅಂಚೆ ಹಂಚುವ ಹೆಂಗಸು, ಎಲ್ಲರ ಬಾಯಲ್ಲೂ ಪೋಸ್ಟಮ್ಮ. ಬಲಗಾಲಿಗೆ ಮೊಣಕಾಲಿನವರೆಗೆ ಪ್ಲಾಸ್ಟರ್ ಕಟ್ಟಿಸಿಕೊಂಡಿದ್ದ ಅವಳಿಗೆ ನಗು ಬರಲಿಲ್ಲ.

ತಮ್ಮನ ಕೆಲಸ ಹೊಲಿಗೆ ಯಂತ್ರ ರಿಪೇರಿ. ಎಲ್ಲರೂ ಅವನನ್ನು ಸೂಜಿ ಎಂದೇ ಕರೆಯುತ್ತಿದ್ದರು. ಅವನ ಕಿವಿ ಎರಡೂ ಕೆಂಪಾದವು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, ಅಕ್ಕ ಶೂಗಳ ಚರ್ಮ ಹೊಲಿಯುತ್ತಿದ್ದ ಯಂತ್ರದ ಮುಚ್ಚಳ ಬಿಚ್ಚುತ್ತ ಕುಳಿತ.

ಆಗಿದ್ದಿಷ್ಟೇ. ಒಂದು ಕಾಲು ಇನ್ನೊಂದರಂತಿಲ್ಲದವರಿಗೆ ಅಳತೆಯ ಶೂ ಮಾಡಿಕೊಡುವುದರಲ್ಲಿ ಮೇಸ್ತ್ರಿಯದು ಎತ್ತಿದ ಕೈ. ಗಿರಾಕಿಯನ್ನು ಕಾಗದದ ಮೇಲೆ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳುತ್ತಿದ್ದರು. ಆರು ವರ್ಷದ ಹಿಂದೆ ಕಂಪ್ಯೂಟರ್ ಬಂತು. ಎಲ್ಲರ ಪಾದದ ಗೆರೆಗಳನ್ನೂ ಅದರೊಳಗೆ ತುಂಬಿಸಿದರು. ಆಮೇಲೆ ಆ ಕಾಗದಗಳನ್ನು ಏನು ಮಾಡಿದರು ಗೊತ್ತೇ? ಉಂಡೆ ಕಟ್ಟಿ, ಆಕಾರ ಕೆಡದಿರಲೆಂದು ಹೊಸ ಶೂಗಳ ಮೂತಿಯೊಳಗೆ ತುರುಕಿದರು. ಒಬ್ಬರ ಪಾದ ಇನ್ನೊಬ್ಬರ ಶೂ ಒಳಗೆ ಕೂತು ಅಂಗಡಿಯಿಂದ ಹೊರಟೇ ಹೋಯಿತು.

ಅವತ್ತು ಬೆಳಿಗ್ಗೆ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ತಂತ್ರಾಂಶ ತೆರೆಯಲೇ ಇಲ್ಲ. "ಈ ಪ್ರತಿ ಅಧಿಕೃತವಲ್ಲ" ಎಂದು ಪರದೆಯ ತುಂಬ ಒಂದೇ ಪಟ್ಟಿ. ಅದು ಕಂಪ್ಯೂಟರ್ ಮಾರಿದವನು ಕದ್ದು ಹಾಕಿಕೊಟ್ಟಿದ್ದ ಪ್ರತಿ. ಅವನಿಗೆ ಎಂಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ.

ಪೋಸ್ಟಮ್ಮನ ಬಲಪಾದ ಹುಟ್ಟಿನಿಂದಲೇ ಗಿಡ್ಡ, ಒಳಗೆ ತಿರುಗಿದ್ದು. ಮೆಟ್ಟಿಲಿನಿಂದ ಬಿದ್ದು ಮೂಳೆ ಮುರಿದಾಗ ಆಸ್ಪತ್ರೆಯಲ್ಲಿ ಅವಳ ಶೂ ಕತ್ತರಿಸಿ ತೆಗೆದಿದ್ದರು. ಶುಕ್ರವಾರ ಪ್ಲಾಸ್ಟರ್ ಬಿಚ್ಚುತ್ತಾರೆ. ಅವತ್ತೇ ಶೂ ಹಾಕಿಕೊಂಡು ನಡೆದು ತೋರಿಸಿದರೆ ಡಾಕ್ಟರು ಕೆಲಸಕ್ಕೆ ಹೋಗಲು ಚೀಟಿ ಬರೆದುಕೊಡುತ್ತಾರೆ. ಸೋಮವಾರ ಹಾಜರಾಗದಿದ್ದರೆ ಅವಳ ಬೀದಿಗಳು ಇನ್ನೊಬ್ಬರ ಪಾಲು. ಬಿಚ್ಚಿದ ಮೇಲೆ ಅಳತೆ ತೆಗೆದರೆ ಶೂಗೆ ಮತ್ತೆ ನಾಲ್ಕು ದಿನ ಬೇಕು. ಆ ಪಾದದ ಗೆರೆ ಇದ್ದದ್ದು ಬೀಗ ಬಿದ್ದ ಕಂಪ್ಯೂಟರಿನೊಳಗೆ ಮಾತ್ರ.

"ಹತ್ತೊಂಬತ್ತು ವರ್ಷ ನಡೆದ ಬೀದಿ ಕಣಣ್ಣ. ಯಾವ ಮನೆ ನಾಯಿ ಬೊಗಳುತ್ತೆ, ಯಾವುದು ಕಚ್ಚುತ್ತೆ, ಎಲ್ಲ ಗೊತ್ತು ನನಗೆ," ಎಂದಳು ಪೋಸ್ಟಮ್ಮ. ಮೇಸ್ತ್ರಿ ಒಂಬತ್ತನೇ ಸಲ ಫೋನ್ ಒತ್ತಿದರು.

ಅಕ್ಕ ತಮ್ಮನ ಪಕ್ಕ ಬಂದು ಕೂತಳು. "ನೀನು ಆಗ ಏನೋ ಹೇಳೋಕೆ ಬಂದೆಯಲ್ಲ. ಅವರು ಬೇಡ ಅಂದ್ರೆ ಬೇಡ, ನನಗೆ ಹೇಳು."

"ಆ ಗೆರೆಗಳು ಎಲ್ಲೂ ಹೋಗಿಲ್ಲ ಅಕ್ಕ, ಅಲ್ಲೇ ಇವೆ. ತೆಗೆಯೋ ತಂತ್ರಾಂಶಕ್ಕೆ ಬೀಗ ಬಿದ್ದಿದೆ, ಅಷ್ಟೇ. ಬೇರೆ ತಂತ್ರಾಂಶದಲ್ಲಿ ತೆರೆದು ನೋಡಬಹುದು. ಇಂಕ್‌ಸ್ಕೇಪ್ ಅಂತ ಒಂದಿದೆ. ನನ್ನ ಅಂಗಡಿ ಬೋರ್ಡು ನಾನು ಅದರಲ್ಲೇ ಬರೆದಿದ್ದು."

"ಅದಕ್ಕೂ ಕಳ್ಳ ಕೀಲಿ ಬೇಕೇನೋ?"

"ಕೀಲಿನೇ ಇಲ್ಲ. ಅದು ಮುಕ್ತ ತಂತ್ರಾಂಶ. ಈ ಯಂತ್ರ ನೋಡು, ಸ್ಕ್ರೂ ಬಿಚ್ಚಿದೆ, ಒಳಗೆ ಯಾವ ಹಲ್ಲು ಯಾವುದಕ್ಕೆ ಕಚ್ಚಿದೆ ಕಾಣ್ತು, ಸರಿ ಮಾಡಿದೆ. ಕಂಪನಿ ಮುಚ್ಚಳಾನ ಬೆಸುಗೆ ಹಾಕಿ ಕೊಟ್ಟಿದ್ರೆ? ನಾನು ಇದ್ದೂ ಏನು ಮಾಡಲಿ? ಮುಕ್ತ ಅಂದ್ರೆ ಮುಚ್ಚಳ ಬಿಚ್ಚೋಕೆ ಬಿಟ್ಟಿರೋದು. ಗೊತ್ತಿದ್ದವರು ನೋಡಬಹುದು, ತಿದ್ದಬಹುದು, ನಾಲ್ಕು ಜನಕ್ಕೆ ಹಂಚಬಹುದು. ಅದನ್ನ ಮಾಡಿದವರೇ ಹಾಗಂತ ಬರೆದುಕೊಟ್ಟಿದ್ದಾರೆ."

ಮೇಸ್ತ್ರಿ ಅಲ್ಲಿಂದಲೇ ಮೂಗು ಮುರಿದರು. "ಬಿಟ್ಟಿ ಸಿಗೋದಕ್ಕೆ ಬೆಲೆ ಎಲ್ಲಿರುತ್ತೆ?"

"ನಿಮ್ಮದೂ ಬಿಟ್ಟಿನೇ ಅಲ್ವಾ ಭಾವ? ಕದ್ದಿದ್ದು ಬೇರೆ, ಪ್ರೀತಿಯಿಂದ ಕೊಟ್ಟಿದ್ದು ಬೇರೆ."

ಬೆಂಚಿನ ಮೇಲಿದ್ದವರು ಈಗ ಮೇಸ್ತ್ರಿಯ ಮುಖ ನೋಡಿ ನಕ್ಕರು.

"ಒಳಗಡೆ ಎಲ್ಲರೂ ಇಣುಕಬಹುದು ಅಂದ್ರೆ ಕಳ್ಳನೂ ಇಣುಕ್ತಾನೆ. ನನ್ನ ಗಿರಾಕಿಗಳ ಪಾದ ಅವನ ಕೈಗೆ ಹೋಗಲ್ವಾ?"

"ಯಂತ್ರ ಹೇಗೆ ಓಡುತ್ತೆ ಅನ್ನೋದು ಎಲ್ಲರಿಗೂ ಕಾಣುತ್ತೆ. ನೀವು ಅದರಲ್ಲಿ ಏನು ಹೊಲಿದ್ರಿ ಅನ್ನೋದು ಕಾಣಲ್ಲ. ನಿಮ್ಮ ಚಿತ್ರ ನಿಮ್ಮ ಡಬ್ಬದಲ್ಲೇ ಇರುತ್ತೆ. ಆ ಕದ್ದ ಪ್ರತಿ ಹಾಕುವಾಗ ವೈರಸ್ ತಡೆಯೋದನ್ನೇ ಆಫ್ ಮಾಡಿ ಹೋಗಿದ್ದಾನಲ್ಲ ಆ ಪುಣ್ಯಾತ್ಮ, ಮೊದಲು ಅದಕ್ಕೆ ಹೆದರಿಕೊಳ್ಳಿ."

"ರೀ, ಅವನು ಒಂದು ಸಲ ನೋಡಲಿ ಬಿಡ್ರೀ. ಈಗಿರೋದಕ್ಕಿಂತ ಕೆಡೋಕೆ ಏನು ಉಳಿದಿದೆ?" ಎಂದಳು ಅಕ್ಕ. ಮೇಸ್ತ್ರಿ ಕುರ್ಚಿ ಬಿಟ್ಟು ಎದ್ದರು.

ಸೂಜಿ ಮೊದಲು ಪಾದದ ಗೆರೆಗಳಿದ್ದ ಕಡತಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ನಕಲು ಮಾಡಿಟ್ಟ. ಆಮೇಲೆ ಇಂಕ್‌ಸ್ಕೇಪಿನ ಸ್ವಂತ ಜಾಲತಾಣದಿಂದಲೇ ಅದನ್ನು ಇಳಿಸಿದ. ಹಳೆಯದನ್ನು ಅಳಿಸದೆ ಪಕ್ಕದಲ್ಲೇ ಹಾಕಿದ. ಪೋಸ್ಟಮ್ಮನ ಕಡತ ತೆರೆದ. ಬಿಳಿ ಪರದೆಯ ಮೇಲೆ ಎರಡು ಪಾದ ಮೂಡಿದವು. ಮೇಸ್ತ್ರಿ ಬರೆದಿಟ್ಟಿದ್ದ ಟಿಪ್ಪಣಿಯ ಅಕ್ಷರಗಳು ಅಡ್ಡಾದಿಡ್ಡಿಯಾಗಿದ್ದವು. ಗೆರೆಗಳು ಮಾತ್ರ ಪೂರ್ತಿ ಇದ್ದವು.

"ಗೆರೆ ಬಂತು ಸರಿ, ಅಳತೆ ಸರಿ ಇದೆ ಅಂತ ಯಾರು ಹೇಳಬೇಕು?" ಎಂದರು ಮೇಸ್ತ್ರಿ. ಆ ಪ್ರಶ್ನೆ ನ್ಯಾಯವಾದದ್ದೇ. ಅಲ್ಪಸ್ವಲ್ಪ ತಪ್ಪಿದರೂ ಪೋಸ್ಟಮ್ಮನ ಕಾಲಲ್ಲಿ ಬೊಬ್ಬೆ ಏಳುತ್ತದೆ.

ಸೂಜಿ ಪೋಸ್ಟಮ್ಮನ ಪ್ಲಾಸ್ಟರ್ ಇಲ್ಲದ ಕಾಲಿನತ್ತ ನೋಡಿದ. "ಎಡಗಾಲು ಇಲ್ಲೇ ಇದೆಯಲ್ಲ! ಒಂದೇ ಚಿತ್ರದಲ್ಲಿ ಎರಡೂ ಪಾದ ಇವೆ. ಎಡಗಡೆಯದು ಸರಿ ಬಂದ್ರೆ ಬಲಗಡೆಯದೂ ಸರಿ."

ಎಡಪಾದದ ಗೆರೆ ಮುದ್ರಿಸಿ ನೆಲಕ್ಕೆ ಹಾಸಿದರು. ಅಕ್ಕ ತೋಳು ಹಿಡಿದುಕೊಂಡಳು, ಪೋಸ್ಟಮ್ಮ ಎಡಗಾಲು ಇಟ್ಟಳು. ಹೆಬ್ಬೆರಳು ಗೆರೆ ದಾಟಿ ಒಂದು ಬೆರಳಗಲ ಆಚೆ ಬಂತು.

"ನೋಡಿದ್ಯಾ!" ಮೇಸ್ತ್ರಿ ತೊಡೆ ತಟ್ಟಿಕೊಂಡರು. "ಬಿಟ್ಟಿದು ಬಿಟ್ಟಿನೇ!"

ಸೂಜಿ ಕಂಪ್ಯೂಟರಿನತ್ತ ತಿರುಗಿದ. ಪರದೆಯ ಮೇಲೆ ಮೇಸ್ತ್ರಿ ಎಳೆದಿದ್ದ ಹತ್ತು ಸೆಂಟಿಮೀಟರಿನ ಗುರುತಿನ ಗೆರೆ ಅಳೆದ. ಅಲ್ಲಿ ಹತ್ತೇ ಇತ್ತು. ಕಾಗದದ ಮೇಲೆ ಅಳತೆಪಟ್ಟಿ ಇಟ್ಟರೆ ಒಂಬತ್ತೂ ಚಿಲ್ಲರೆ. "ತಂತ್ರಾಂಶದ್ದಲ್ಲ, ಪ್ರಿಂಟರಿಂದು. ಹಾಳೆಗೆ ತಕ್ಕ ಹಾಗೆ ಕುಗ್ಗಿಸು ಅಂತ ಹಾಕಿಟ್ಟಿದ್ದೀರಿ ಭಾವ." ಅದನ್ನು ತೆಗೆದು, ದೊಡ್ಡ ಹಾಳೆಯಲ್ಲಿ ಮತ್ತೆ ಮುದ್ರಿಸಿದ.

ಪೋಸ್ಟಮ್ಮ ಪುನಃ ಎಡಗಾಲು ಇಟ್ಟಳು. ಮೇಸ್ತ್ರಿ ನೆಲಕ್ಕೆ ಮಂಡಿಯೂರಿ, ಹಿಮ್ಮಡಿಯಿಂದ ಕಿರುಬೆರಳಿನವರೆಗೆ ಉಗುರಿನಲ್ಲಿ ತಡವುತ್ತ ಬಂದರು. ಎಲ್ಲೂ ಒಂದು ಕೂದಲೆಳೆ ಆಚೀಚೆ ಇರಲಿಲ್ಲ.

"ಬಲಗಾಲಿಂದು ತೆಗಿ," ಎಂದರು. ಆಗಲೇ ಕತ್ತರಿ ಹುಡುಕುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಪೋಸ್ಟಮ್ಮ ಹೊಸ ಶೂ ಹಾಕಿಕೊಂಡು, ಅಕ್ಕನ ಭುಜ ಹಿಡಿದು, ಆಸ್ಪತ್ರೆಯ ಕಾರಿಡಾರಿನ ಆ ತುದಿಗೆ ಹೋಗಿ ಈ ತುದಿಗೆ ಬಂದಳು. ಡಾಕ್ಟರು ಚೀಟಿ ಬರೆದರು. ಆ ಕದ್ದ ಪ್ರತಿಯನ್ನು ಮೇಸ್ತ್ರಿಯೇ ಅಳಿಸಿದರು. ಪತ್ರ ಬರೆಯಲು ಲಿಬ್ರೆ ಆಫೀಸ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಹಾಕಿಸಿಕೊಂಡರು. ಹೊಸ ಪಾದಗಳ ಗೆರೆಯನ್ನು ಈಗ ಕಾಗದದಲ್ಲೂ ಇಡುತ್ತಾರೆ, ಯಾವ ತಂತ್ರಾಂಶವಾದರೂ ಓದಬಲ್ಲ ಮುಕ್ತ ರೂಪದಲ್ಲೂ ಇಡುತ್ತಾರೆ.

ಇದನ್ನು ಓದುತ್ತಿರುವ ನೀವೂ ನಿಮ್ಮ ಕಂಪ್ಯೂಟರ್ ಒಮ್ಮೆ ತೆರೆದು ನೋಡಿ. ನಿಮ್ಮ ಬೆವರಿನ ಕೆಲಸ ಯಾರ ಬೀಗದೊಳಗಿದೆ? ಒಂದೇ ದಿನದಲ್ಲಿ ಎಲ್ಲ ಬದಲಿಸಬೇಕಿಲ್ಲ. ಕಡತಗಳ ನಕಲು ತೆಗೆದಿಡಿ. ಒಂದು ಮುಕ್ತ ತಂತ್ರಾಂಶವನ್ನು ಅದರ ಸ್ವಂತ ಜಾಲತಾಣದಿಂದಲೇ ಇಳಿಸಿ, ಹಳೆಯದರ ಪಕ್ಕದಲ್ಲಿಟ್ಟು ಒಂದು ತಿಂಗಳು ಬಳಸಿ. ಮೊದಮೊದಲು ಗುಂಡಿಗಳು ಬೇರೆ ಕಡೆ ಇದ್ದು ಸಿಟ್ಟು ಬರುತ್ತದೆ, ಬರಲಿ. ಒಂದೆರಡು ಕಡತ ಸರಿಯಾಗಿ ತೆರೆಯದಿರಬಹುದು, ಅಳೆದು ನೋಡಿ. ಕೈ ಪಳಗಿದ ಮೇಲೆ ಪಕ್ಕದ ಮನೆಯವರಿಗೂ ಹಾಕಿಕೊಡಿ. ಕದಿಯಬೇಡಿ, ಕದ್ದದ್ದನ್ನು ನಂಬಿ ಕೂರಲೂಬೇಡಿ.

ಇನ್ನು ಭಾವ ಮತ್ತು ಭಾವಮೈದನ ವಿಷಯ. ಆ ಶುಕ್ರವಾರ ಸಂಜೆ ಸೂಜಿ ತನ್ನ ಚೀಲ ತೆಗೆದುಕೊಳ್ಳಲು ಅಂಗಡಿಗೆ ಬಂದಾಗ ಬೆಂಚಿನ ಮೇಲೆ ಯಾರೂ ಇರಲಿಲ್ಲ. ಮೇಸ್ತ್ರಿ ಚರ್ಮದ ಚೂರುಗಳನ್ನು ಗುಡಿಸುತ್ತಿದ್ದವರು ಪೊರಕೆ ನಿಲ್ಲಿಸಿದರು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು.

"ಅವತ್ತು ನಾನು ಅಂದಿದ್ದು... ಮನಸ್ಸಲ್ಲಿ ಇಟ್ಕೊಂಡಿಲ್ಲ ತಾನೇ?"

ಅಂದದ್ದು ಮೂವರ ಎದುರು. ಕೇಳುತ್ತಿರುವುದು ಬೆಂಚು ಖಾಲಿ ಇರುವಾಗ. ಸೂಜಿ ಚೀಲ ಹೆಗಲಿಗೇರಿಸಿದ. ಒಳಗಿದ್ದ ಅಕ್ಕನಿಗೆ ಕೈ ಬೀಸಿ, ಹೊಸ್ತಿಲು ದಾಟಿ, ಉತ್ತರ ಕೊಡದೆ ನಡೆದುಹೋದ.